ಊರಬಾಗಿಲಿಗೆ ಕಟ್ಟಿದ ಶಾಸನ

ನಮ್ಮವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಉಳಿದದ್ದು ಒಂದು ತಗಡಿನ ಪೆಟ್ಟಿಗೆ. ಮಾಮೂಲು ಟ್ರಂಕಿಗಿಂತ ಉದ್ದ. ಸುರುಳಿ ಸುತ್ತಿದ ಕಾಗದವನ್ನು ಮಡಿಸದೆ ಇಡಬೇಕೆಂದು ಅವರೇ ಮದರಾಸಿನಲ್ಲಿ ಹೇಳಿ ಮಾಡಿಸಿದ್ದು. ಮುಳಬಾಗಿಲಿನ ನಮ್ಮ ಮನೆಯಲ್ಲಿ ನಡುಮನೆಗೆ ಹೊಂದಿಕೊಂಡ ಕತ್ತಲೆ ಕೋಣೆಯಲ್ಲಿ ಅದು ಗೋಡೆಯುದ್ದಕ್ಕೂ ಇತ್ತು. ವರ್ಷದ ಕರ್ಮ ಮುಗಿಯುವ ತನಕ ನಾನೂ ಆ ಕೋಣೆಯಲ್ಲೇ ಇದ್ದೆ. ಬೀದಿಯ ಕಡೆಯ ಜಗಲಿಗೆ ಬರುವಂತಿರಲಿಲ್ಲ. ಹಗಲು ಪೆಟ್ಟಿಗೆಗೆ ಒರಗಿ ಕೂರುವುದು, ಅತ್ತಿಗೆ ಕರೆದಾಗ ಊಟಕ್ಕೆ ಏಳುವುದು. ಅತ್ತಿಗೆ ಎಂದರೆ ಅವರ ಅಕ್ಕ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಆ ಕೋಣೆಯಲ್ಲೇ ತಮ್ಮ ವರ್ಷವನ್ನೂ ಕಳೆದವರು. ಕಿಟಕಿಯ ಒಂದು ಸರಳಿನ ಮೇಲೆ ಬಣ್ಣ ಹೋಗಿತ್ತು. ಅದು ಅವರ ಕೈ ಹಿಡಿದ ಜಾಗ ಎಂದು ನನಗೆ ತಡವಾಗಿ ಹೊಳೆಯಿತು.

ನಾನು ಮಾಲೂರಿನ ಹೆಣ್ಣು. ಲೋವರ್ ಸೆಕೆಂಡರಿವರೆಗೆ ಓದಿದ್ದೇನೆ. ಅವರ ವಿದ್ಯೆಯ ಬಗ್ಗೆ ಬರೆಯುವ ಯೋಗ್ಯತೆ ನನ್ನದಲ್ಲ. ಆದರೆ ಅವರ ಜೊತೆ ಓಡಾಡಿದವಳು ನಾನು, ಅವರ ಶಾಯಿ ಕಲಸಿದವಳು ನಾನು. ಅಷ್ಟನ್ನು ಬರೆಯಬಲ್ಲೆ.

ಅವರು ಓದಿದ್ದು ಹಳೆಯ ದೇವಸ್ಥಾನ, ಹಳೆಯ ಶಾಸನಗಳ ವಿಚಾರ. ಅದೂ ನಮ್ಮ ಸೀಮೆಯದಲ್ಲ, ಜಾವಾ ದ್ವೀಪದ್ದು. ಮದುವೆಯಾದ ಮರುವರ್ಷ ಹಡಗು ಹತ್ತಿ ಹೋದರು. ಆ ದ್ವೀಪ ಆಗ ಡಚ್ಚರ ಕೈಯಲ್ಲಿತ್ತು. ಕುಸಿದು ಬಿದ್ದ ಗುಡಿಗಳನ್ನು ಅಲ್ಲಿ ಮತ್ತೆ ನಿಲ್ಲಿಸುತ್ತಿದ್ದರಂತೆ. ಕಾಡಿನಲ್ಲಿ ಚದುರಿದ ಒಂದೊಂದು ಕಲ್ಲನ್ನೂ ತಂದು ಇನ್ನೊಂದರ ಪಕ್ಕ ಇಟ್ಟು, ಕೂಡುತ್ತದೆಯೋ ಇಲ್ಲವೋ ನೋಡಿ, ಕೂಡಿದರೆ ಮಾತ್ರ ಗೋಡೆಗೆ ಏರಿಸುವುದು. ಎಲ್ಲೂ ಸಿಗದ ಕಲ್ಲಿಗೆ ಬದಲು ಹೊಸ ಕಲ್ಲು ಕೂರಿಸಿದರೆ ಅದರಲ್ಲೊಂದು ಸಣ್ಣ ತೂತು ಕೊರೆದು ಸೀಸ ತುಂಬುವುದು. ನೋಡುವವರಿಗೆ ಇದು ಹೊಸದು ಎಂದು ತಿಳಿಯಲಿ, ಮೋಸವಾಗದಿರಲಿ ಎಂದು. ಆ ಸೀಸದ ಚುಕ್ಕೆಯ ಮಾತು ಬಂದರೆ ಅವರ ಮುಖ ಅರಳುತ್ತಿತ್ತು.

ಅಲ್ಲಿ ಅವರು ಒಂದು ಹಳೆಯ ಶಾಸನ ನೋಡಿದರು. ಅದರ ಅಕ್ಷರಗಳ ಬಾಲದಲ್ಲಿ ಒಂದು ಬಗೆಯ ಕೊಂಡಿ ಇತ್ತು. ದೊಡ್ಡ ವಿದ್ವಾಂಸರೆಲ್ಲ ಅದು ಸಮುದ್ರ ತೀರದ ಊರುಗಳಿಂದ ಬಂದ ಬರಹ ಎನ್ನುತ್ತಿದ್ದರು. ಇವರಿಗೆ ಮಾತ್ರ ಚಿಕ್ಕಂದಿನಲ್ಲಿ ನಮ್ಮ ಕೋಲಾರದ ಸೀಮೆಯ ಯಾವುದೋ ಕಲ್ಲಿನ ಮೇಲೆ ಅಂಥದೇ ಕೊಂಡಿ ಕಂಡ ನೆನಪು. ಅದನ್ನು ಹುಡುಕಿ, ಅಚ್ಚು ತೆಗೆದುಕೊಂಡು, ಜಾವಾಕ್ಕೆ ಹಿಂತಿರುಗಿ ಬರಹ ಮುಗಿಸಬೇಕೆಂದು ಊರಿಗೆ ಬಂದರು. ಕೆಲವು ತಿಂಗಳ ಕೆಲಸ ಎಂದುಕೊಂಡಿದ್ದರು. ಆ ಸಲ ನನ್ನನ್ನೂ ಕರೆದುಕೊಂಡು ಹೋಗುವ ಮಾತಾಗಿತ್ತು.

ಊರಿಗೆ ಬಂದ ದಿನ ಅತ್ತಿಗೆ ಅವರನ್ನು ಮುಂಬಾಗಿಲಿನಿಂದ ಒಳಗೆ ಬಿಡಲಿಲ್ಲ. ಹಿತ್ತಿಲ ಬಚ್ಚಲಿನ ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಿ, ಪಂಚಗವ್ಯ ಕುಡಿಸಿ, ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದರು.

"ಸಾಕು ಕಣಕ್ಕಾ, ಸಮುದ್ರದಲ್ಲೂ ಇಷ್ಟು ನೀರಿರಲಿಲ್ಲ" ಎಂದು ಅವರು ನಡುಗುತ್ತ ನಕ್ಕರು.

"ಬಾಯ್ಮುಚ್ಚೋ. ಏನು ತಿಂದ್ಯೋ, ಯಾರ ಕೈಯಲ್ಲಿ ತಿಂದ್ಯೋ" ಎಂದು ಅತ್ತಿಗೆ ಇನ್ನೊಂದು ಕೊಡ ಎತ್ತಿದರು. ಆಮೇಲೆ ತಲೆ ಒರೆಸಿಕೊಳ್ಳಲು ಪಂಚೆ ಕೊಡುತ್ತ ದನಿ ತಗ್ಗಿಸಿ, "ಅಲ್ಲಿ ನೀರು ಹೆಂಗಿತ್ತೋ? ಸಿಹಿಯೇನೋ?" ಎಂದು ಕೇಳಿದರು.

ಕಲ್ಲು ಸಿಕ್ಕಿದ್ದು ತಾಯಲೂರಿನ ಆಚೆ ಒಂದು ಹಳ್ಳಿಯಲ್ಲಿ, ಕೆರೆಯ ಏರಿಯ ಕೆಳಗೆ. ವೀರಗಲ್ಲು. ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ಬಿಡಿಸಿ ತರಲು ಹೋಗಿ ಸತ್ತವನದು. ಊರವರಿಗೆ ಆ ಕಥೆ ಗೊತ್ತಿರಲಿಲ್ಲ, ಆದರೂ ಅವರು ಅದನ್ನು ದನದ ಕಲ್ಲು ಎಂದೇ ಕರೆಯುತ್ತಿದ್ದರು. ಸಂಕ್ರಾಂತಿಗೆ ದನಗಳನ್ನು ಅದರ ಸುತ್ತ ಓಡಿಸುತ್ತಿದ್ದರು. ಹಸುವಿಗೆ ಕಾಯಿಲೆಯಾದರೆ ಕಲ್ಲಿನ ಮೇಲೆ ನೀರು ಸುರಿದು, ಕೆಳಗಿಳಿದ ನೀರನ್ನು ಹಿಡಿದು ಅದಕ್ಕೆ ಕುಡಿಸುತ್ತಿದ್ದರು.

ಅಚ್ಚು ತೆಗೆಯುವ ದಿನ ನಾನೂ ಹೋಗಿದ್ದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಕಾಗದ ಅಕ್ಷರದ ಗುಳಿಗಳೊಳಗೆ ಇಳಿಯುತ್ತದೆ. ಆಮೇಲೆ ಹತ್ತಿಯ ಉಂಡೆಯನ್ನು ಶಾಯಿಯಲ್ಲಿ ಅದ್ದಿ ಮೇಲಿಂದ ತಟ್ಟಬೇಕು. ಉಬ್ಬು ಕಪ್ಪಾಗುತ್ತದೆ, ಗುಳಿ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಬಿಡಿಸಿದರೆ ಕಲ್ಲಿನ ಮಾತೆಲ್ಲ ಕಾಗದದ ಮೇಲೆ. ಆ ಕಾಗದಕ್ಕೆ ಮತ್ತೆ ನೀರು ತಗುಲಬಾರದು. ತಗುಲಿದರೆ ಗುಳಿಗಳು ಸಮವಾಗಿ ಅಕ್ಷರ ಮಾಯವಾಗುತ್ತದೆ. ನಾನು ದೀಪದ ಮಸಿ, ಗೋಂದು ಸೇರಿಸಿ ಶಾಯಿ ಕಲಸಿ ಕೊಡುತ್ತಿದ್ದೆ. ಊರ ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು. ಕಲ್ಲಿನಿಂದ ಇಳಿದ ಕಪ್ಪು ನೀರನ್ನು ಒಬ್ಬಳು ಮಡಕೆ ಇಟ್ಟು ಹಿಡಿದಳು. ಬರೀ ನೀರಿಗಿಂತ ಇದಕ್ಕೆ ಬಲ ಜಾಸ್ತಿ ಎಂದು ಅವಳ ಲೆಕ್ಕ.

ಊರ ದನಗಳ ಉಸ್ತುವಾರಿ ನೋಡುವ ಯಜಮಾನನೊಬ್ಬ ಇದ್ದ. ಹಲ್ಲು ಅರ್ಧ ಉದುರಿದವನು, ಮಾತು ಪೂರ್ತಿ ಇದ್ದವನು.

"ಏನ್ ಸಾಮಿ, ಏನ್ ಬರ್ದೈತೆ ಇದ್ರಾಗೆ?"

"ದನ ಬಿಡಿಸೋಕೆ ಹೋಗಿ ಒಬ್ಬ ಸತ್ತ, ಅವನ ಹೆಂಡ್ತಿ ಮಕ್ಕಳಿಗೆ ಗದ್ದೆ ಕೊಟ್ಟೆವು ಅಂತ."

"ಅಷ್ಟೇನಾ? ನಿಧಿ ಎಲ್ಲೈತೆ ಅಂತ ಬರ್ದಿಲ್ವಾ?"

"ಇಲ್ಲಪ್ಪ."

"ಇಷ್ಟುದ್ದ ಬರ್ದವ್ನೆ, ಕಾಸಿನ ಮಾತೇ ಇಲ್ಲ. ಎಂಥಾ ಸಾಮಿ ಇವ್ನು!" ಎಂದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅವನು ತಮಾಷೆಗೆ ಕೇಳಿದ್ದನ್ನು ಬೇರೆ ಯಾರೋ ನಿಜವೆಂದುಕೊಂಡಿದ್ದರು. ಪ್ಯಾಂಟು ತೊಟ್ಟವನು ಹೆಂಡತಿಯನ್ನೂ ಕರೆದುಕೊಂಡು ಬಂದು, ಒಂದು ಕಲ್ಲಿನ ಮುಂದೆ ಇಡೀ ದಿನ ಮಂಡಿಯೂರಿ ಕೂತು, ಬರಹವನ್ನು ಕಾಗದಕ್ಕೆ ಇಳಿಸಿಕೊಂಡು ಹೋದರೆ ಸುಮ್ಮನೆ ಹೋಗುತ್ತಾನೆಯೇ? ಕೆಳಗೆ ಏನೋ ಇರಲೇಬೇಕು. ವಾರ ಕಳೆಯುವುದರೊಳಗೆ ಯಾರೋ ಕಲ್ಲಿನ ಬುಡ ಅಗೆದು, ಏನೂ ಸಿಗದೆ, ಒಳಗೆ ಟೊಳ್ಳಿರಬಹುದೆಂದು ಸುತ್ತಿಗೆಯಿಂದ ಕಲ್ಲನ್ನೇ ಒಡೆದರು. ಸುದ್ದಿ ತಿಳಿದು ನಮ್ಮವರು ಓಡಿದರು. ಚೂರುಗಳನ್ನು ಆಯ್ದು ಜಾವಾದಲ್ಲಿ ಮಾಡುತ್ತಿದ್ದಂತೆ ಒಂದರ ಪಕ್ಕ ಒಂದಿಟ್ಟು ನೋಡಿದರು. ಅಕ್ಷರವಿದ್ದ ಭಾಗ ನುಚ್ಚಾಗಿತ್ತು, ಯಾವುದೂ ಕೂಡಲಿಲ್ಲ.

ಯಜಮಾನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಬಯ್ಯಲಿಲ್ಲ. "ನೀವ್ ಬಂದ್ರಿ, ಬರ್ಕೊಂಡ್ರಿ, ಕಲ್ಲು ಹೋಯ್ತು" ಎಂದಷ್ಟೇ ಹೇಳಿದ. ಅದನ್ನು ನಮ್ಮವರು ಮನೆಗೆ ಬಂದು ನನಗೆ ಹೇಳಿದರು. ಆಮೇಲೂ ಎಷ್ಟೋ ಸಲ ಹೇಳಿದರು.

ಕಲ್ಲು ಹೋದ ಮೇಲೆ ಆ ಕೊಂಡಿಯ ಅಕ್ಷರ ನಮ್ಮ ಸೀಮೆಯಲ್ಲಿತ್ತು ಎಂಬುದಕ್ಕೆ ಇಡೀ ಲೋಕದಲ್ಲಿ ಸಾಕ್ಷಿಯಾಗಿ ಉಳಿದದ್ದು ನಮ್ಮ ಪೆಟ್ಟಿಗೆಯಲ್ಲಿದ್ದ ಒಂದು ಹಾಳೆ.

ಪಾಸ್‌ಪೋರ್ಟಿಗೆಂದು ಕೋಲಾರದಲ್ಲಿ ಫೋಟೋ ತೆಗೆಸಿದೆವು. ಪರದೆಯ ಮೇಲೆ ಯಾವುದೋ ದೊರೆಯ ತೋಟ, ಕಾರಂಜಿ. ಫೋಟೋದವನು "ನಗಬೇಡಿ ಅಮ್ಮಾ, ಸರ್ಕಾರದ ಕೆಲಸಕ್ಕೆ ನಗಬಾರದು" ಎಂದ. ನನಗೆ ನಗು ತಡೆಯಲಾಗಲಿಲ್ಲ, ಎರಡು ಸಲ ತೆಗೆಯಬೇಕಾಯಿತು. ಜಾವಾದ ಕೆಲವು ಮಾತುಗಳನ್ನು ಅವರು ನನಗೆ ಕಲಿಸಿದ್ದರು. ಅನ್ನಕ್ಕೆ ಒಂದು ಮಾತು, ನೀರಿಗೆ ಒಂದು ಮಾತು. ಅಡುಗೆಮನೆಯಲ್ಲಿ ಅತ್ತಿಗೆಗೆ ಕೇಳಿಸದಂತೆ ಹೇಳಿಕೊಳ್ಳುತ್ತಿದ್ದೆ.

ಹಡಗಿನ ಟಿಕೇಟಿಗೆ ಬರೆದು ಕಾಯುತ್ತಿರುವಾಗ ಯುದ್ಧ ಶುರುವಾಯಿತು. ಮೊದಲು ದೂರದ ಯುದ್ಧ. ನಿಂತುಹೋಗುತ್ತದೆ, ಸ್ವಲ್ಪ ಕಾದು ಹೋಗೋಣ ಎಂದರು. ಆಮೇಲೆ ಡಚ್ಚರ ದೇಶವೇ ಬಿತ್ತು. ಅದಾದ ಮೇಲೆ ಜಪಾನಿನವರು ಬಂದು ಸಿಂಗಪುರ, ಜಾವಾ ಎಲ್ಲ ಅವರ ಕೈಗೆ ಹೋಯಿತು. ಆ ವರ್ಷ ನಾನು ಮಾಲೂರಿನ ತವರಿನಲ್ಲಿ ಇದ್ದೆ. ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ. ಮದರಾಸಿನ ಕಡೆಯಿಂದ ಬರುವ ರೈಲುಗಳಲ್ಲಿ ಬಾಂಬಿಗೆ ಹೆದರಿ ಊರು ಬಿಟ್ಟವರು ಕಿಕ್ಕಿರಿದು ಬರುತ್ತಿದ್ದರು. ನಮ್ಮವರು ನನ್ನನ್ನು ಕರೆದೊಯ್ಯಲು ಬಂದವರು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಆ ರೈಲುಗಳನ್ನೇ ನೋಡುತ್ತಿದ್ದರು. ಮದರಾಸಿಗೆ ಹೋಗುವ ರೈಲು ಖಾಲಿ ಖಾಲಿ.

"ನೋಡೇ, ಆ ಕಡೆಗೆ ಎಷ್ಟು ಜಾಗ ಇದೆ" ಎಂದರು.

ಮುಳಬಾಗಿಲಿನ ಹೈಸ್ಕೂಲಿನಲ್ಲಿ ಮೇಷ್ಟರ ಕೆಲಸಕ್ಕೆ ಸೇರಿದರು. ಸದ್ಯಕ್ಕೆ ಎಂದು ಸೇರಿದ್ದು. ಮಕ್ಕಳಿಗೆ ಚರಿತ್ರೆ ಹೇಳುವುದು, ಭಾನುವಾರ ಸುತ್ತಮುತ್ತಲ ಕಲ್ಲುಗಳನ್ನು ನೋಡಲು ಹೋಗುವುದು. ಕುರುಡುಮಲೆಯ ಗಣೇಶನ ಗುಡಿಗೆ ಯಾರೋ ಸುಣ್ಣ ಬಳಿಯಲು ಹೊರಟಿದ್ದಾರೆಂದು ಕೇಳಿ ನಡೆದೇ ಹೋಗಿ, ಅರ್ಚಕರ ಜೊತೆ ಜಗಳ ಆಡಿ, ಅಲ್ಲೇ ಪ್ರಸಾದ ತಿಂದು ಬಂದರು. ಎಲ್ಲಿ ಹೋದರೂ ಅದೇ ಕೊಂಡಿಯ ಅಕ್ಷರವಿರುವ ಇನ್ನೊಂದು ಕಲ್ಲಿಗಾಗಿ ಹುಡುಕಾಟ. ಒಮ್ಮೆ ಶ್ರೀನಿವಾಸಪುರದ ಆಚೆ ರಾಯಲ್ಪಾಡಿನ ಕಡೆ ಹೋದೆವು. ಪೆಟ್ರೋಲು ಸಿಗದ ಕಾಲದ ಇದ್ದಿಲಿನ ಬಸ್ಸು ಪ್ರತಿ ಏರಿನಲ್ಲೂ ನಿಂತು, ನಾವು ಇಳಿದು ತಳ್ಳಿ, ಮಾವಿನ ತೋಪುಗಳ ನಡುವೆ ಮಸಿ ಮೋರೆಯಲ್ಲಿ ಊರು ಸೇರಿದೆವು. ನಮ್ಮ ಕೈಯಲ್ಲಿ ಕಾಗದ, ಶಾಯಿ ಕಂಡದ್ದೇ ತಡ, ಮನೆಮನೆಯ ಬಾಗಿಲು ಮುಚ್ಚಿದವು. ಯುದ್ಧಕ್ಕೆ ರಾಗಿ ವಸೂಲಿ ಮಾಡುವವರು ಬಂದರೆಂದು ಊರವರು ತಿಳಿದಿದ್ದರು.

ಒಬ್ಬ ಮುದುಕಿ ಮಾತ್ರ ಹೊಸಲಿನ ಮೇಲೆ ಕೂತು, "ರಾಗುಲು ಲೇವು ಸಾಮಿ, ರಾಳ್ಳುಂಟೇ ತೀಸ್ಕೋಂಡಿ" ಎಂದಳು. ರಾಗಿ ಇಲ್ಲ, ಕಲ್ಲಿದ್ದರೆ ತಗೊಳ್ಳಿ ಎಂದು.

"ಕಲ್ಲೇ ಬೇಕಾಗಿರೋದು ಅವ್ವಾ!" ಎಂದು ಇವರು ಕೈ ಮುಗಿದರು. ಅವಳು ಇಡೀ ಊರನ್ನು ಕರೆದು, ಹುಚ್ಚನನ್ನು ನೋಡಿ ಬನ್ನಿ ಎಂದು ಕೂಗಿದಳು. ಆ ದಿನ ಬಹಳ ನಕ್ಕೆವು. ಆದರೆ ಕೊಂಡಿಯ ಅಕ್ಷರ ಅಲ್ಲೂ ಸಿಗಲಿಲ್ಲ. ಸಿಕ್ಕಿದ್ದರೂ ಅಚ್ಚಿಗೆ ಕಾಗದವಿರಲಿಲ್ಲ. ಯುದ್ಧ ಕಾಲದಲ್ಲಿ ಆ ದಪ್ಪ ಕಾಗದ ಎಲ್ಲೂ ಸಿಗುತ್ತಿರಲಿಲ್ಲ. ತಾಯಲೂರಿನ ಹಾಳೆಯನ್ನು ನೋಡಿ ಕೈಯಲ್ಲಿ ಬರೆದ ನಕಲು ಬಿಟ್ಟರೆ ಇನ್ನೊಂದು ಪ್ರತಿ ಮಾಡಲಾಗಲಿಲ್ಲ.

ಸಂಜೆ ಹೊತ್ತು ಅವರು ಬೀದಿಯ ಜಗಲಿಯಲ್ಲಿ ಕೂತಿರುತ್ತಿದ್ದರು. ನಮ್ಮದು ಮದರಾಸು ರಸ್ತೆಯ ಊರು. ಮಿಲಿಟರಿ ಲಾರಿಗಳು ಸಾಲಾಗಿ ಪೂರ್ವಕ್ಕೆ ಹೋಗುತ್ತಿದ್ದವು. ಯಾವ ಯಾವ ಹುಡುಗರೋ ಬರ್ಮಾಕ್ಕೆ, ಆ ಕಡೆಯ ದೇಶಗಳಿಗೆ ಹೋಗುತ್ತಿದ್ದರು. ಜಾವಾದ ಆ ಗುಡಿಗಳಿರುವ ಬೆಟ್ಟದ ಹತ್ತಿರ ಬಾಂಬು ಬಿದ್ದಿದೆಯೋ ಏನೋ ಎಂದು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಮ್ಮ ಮನೆಯ ಬಾಗಿಲು ಅಗಲವಾದದ್ದು. ಎರಡು ರೆಕ್ಕೆಯೂ ತೆರೆದಿರುತ್ತಿತ್ತು. ಆದರೂ ಇಬ್ಬರಿಗೂ ಉಸಿರು ಕಟ್ಟಿದಂತೆ ಇರುತ್ತಿತ್ತು. ಅನ್ನ, ನೀರು ಎಂಬ ಆ ಪರದೇಶದ ಮಾತುಗಳನ್ನು ಹೇಳಿಕೊಳ್ಳುವುದನ್ನು ನಾನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಯುದ್ಧ ಮುಗಿಯಿತು. ಉತ್ತರದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಪೂರ್ವ ದ್ವೀಪಗಳ ಪ್ರಾಚೀನ ಚರಿತ್ರೆಗೆಂದೇ ಒಬ್ಬ ಅಧ್ಯಾಪಕರನ್ನು ತೆಗೆದುಕೊಳ್ಳುತ್ತಾರೆಂದೂ, ಆರಿಸಿದವರನ್ನು ದಾರಿ ತೆರೆದ ಕೂಡಲೇ ಜಾವಾಕ್ಕೆ ಕಳಿಸುತ್ತಾರೆಂದೂ ಗೊತ್ತಾಯಿತು. ಇವರನ್ನು ಸಂದರ್ಶನಕ್ಕೆ ಕರೆದರು. ಬರೆದದ್ದನ್ನೂ ಅದಕ್ಕೆ ಆಧಾರವಾದ ಅಚ್ಚುಗಳನ್ನೂ ತರಬೇಕೆಂದು ಹೇಳಿದರು. ಅವರು ಎಷ್ಟೋ ವರ್ಷದ ಮೇಲೆ ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟರು. ಹಾಳೆಗಳನ್ನು ನಡುಮನೆಯಲ್ಲಿ ಹರವಿದರು. ಜಾವಾದ ಅಚ್ಚಿನ ಪಕ್ಕದಲ್ಲಿ ತಾಯಲೂರಿನ ಅಚ್ಚು. ನನ್ನ ಬೆರಳು ಹಿಡಿದು ಈ ಕೊಂಡಿ, ಆ ಕೊಂಡಿ ತೋರಿಸಿದರು. ಒಂದೇ ಕೈಯ ಬರಹದಂತಿತ್ತು, ನನಗೂ ಕಂಡಿತು.

"ಈ ಸಲ ಹೋಗೋದೇ ಕಣೇ" ಎಂದರು.

ಹೊರಡುವುದಕ್ಕೆ ಇನ್ನೆರಡು ದಿನ ಇರುವಾಗ ದನದ ಕಲ್ಲಿನ ಊರಿನ ಯಜಮಾನ ಬಂದು ಜಗಲಿಯ ಕೆಳಗೆ ನಿಂತ. ಅವರ ಸೀಮೆಯಲ್ಲಿ ದನಗಳಿಗೆ ದೊಡ್ಡರೋಗ ಬಂದಿತ್ತು. ಬಾಯಲ್ಲಿ ಹುಣ್ಣು, ಜೊಲ್ಲು, ನಿಲ್ಲದ ಭೇದಿ. ಕೊಟ್ಟಿಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು.

"ಕಲ್ಲು ಇದ್ದಿದ್ರೆ ನೀರು ಹಾಕ್ತಿದ್ವಿ ಸಾಮಿ. ಕಲ್ಲು ಇಲ್ಲ. ಕಲ್ಲಿನ ಬರಹ ನಿಮ್ಮ ತಾವ ಐತೆ. ಒಂದಿನಕ್ಕೆ ಕೊಡಿ. ಊರಬಾಗ್ಲಾಗೆ ಹಗ್ಗ ಕಟ್ಟಿ ತೂಗು ಹಾಕ್ತೀವಿ. ದನ ಅದ್ರ ಕೆಳಗೆ ಹಾಯ್ಲಿ."

ಮಂತ್ರ ಬರೆದ ಹಲಗೆಯನ್ನು ಹಾಗೆ ಹಗ್ಗಕ್ಕೆ ಕಟ್ಟಿ ದನಗಳನ್ನು ಕೆಳಗೆ ದಾಟಿಸುವುದು ನಮ್ಮ ಕಡೆ ಇದ್ದದ್ದೇ.

"ಅದರಲ್ಲಿ ಮಂತ್ರ ಇಲ್ಲಪ್ಪ. ಸತ್ತವನ ಸುದ್ದಿ ಇದೆ ಅಷ್ಟೆ" ಎಂದರು ನಮ್ಮವರು.

"ದನಕ್ಕೋಸ್ಕರ ಸತ್ತೋನು ತಾನೆ? ಅವನ್ಗಿಂತ ಮಂತ್ರ ಯಾವ್ದೈತೆ?"

ಅವರು ಜಗಲಿಯ ಅಂಚಿಗೆ ಬಂದು ಕೂತರು. ಆಮೇಲೆ, "ಕೋಲಾರದಿಂದ ದನದ ಡಾಕ್ಟರು ಬಂದಿದ್ರಲ್ಲ, ಸೂಜಿ ಹಾಕಿಸಿದ್ರಾ?" ಎಂದು ಕೇಳಿದರು.

"ಯಾರ್ ಹಾಕುಸ್ತಾರೆ ಸಾಮಿ. ಸೂಜಿ ಹಾಕಿದ್ರೆ ಹಾಲು ಬತ್ತೋಗ್ತದೆ ಅಂತಾರೆ. ಡಾಕ್ಟ್ರು ಬಂದ್ರೆ ದನಾನ ಗುಡ್ಡಕ್ಕೆ ಹೊಡೀತಾರೆ."

ನಾನು ಒಳಗಿನಿಂದ ಕೇಳುತ್ತಿದ್ದೆ. ಕೊಡಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅತ್ತಿಗೆ ಬಾಯಿಬಿಟ್ಟೇ ಹೇಳಿದರು, "ಕೊಡಬೇಡ ಕಣೋ, ನಿನ್ನ ಬಾಳು ಅದು" ಎಂದು. ಕಡಲು ದಾಟಿದ್ದಕ್ಕೆ ತಲೆಯ ಮೇಲೆ ನೀರು ಸುರಿದವರೇ ಆ ಮಾತನ್ನು ಹೇಳಿದ್ದು.

ಅವರು ಜಗಲಿಯಿಂದ ಇಳಿದು ಯಜಮಾನನ ಎದುರಿಗೆ ನಿಂತರು. "ನಾನೇ ತರ್ತೀನಿ, ನಾನೇ ಕಟ್ತೀನಿ. ಆದ್ರೆ ಹಗ್ಗದ ಆಚೆ ಡಾಕ್ಟರು ನಿಂತಿರ್ತಾರೆ. ಕೆಳಗೆ ಹಾಯೋ ಪ್ರತಿ ದನಕ್ಕೂ ಸೂಜಿ. ಒಪ್ಪಿದ್ರೆ ಹೂಂ ಅನ್ನು."

ಯಜಮಾನ ತಲೆ ಕೆರೆದುಕೊಂಡ. "ಬರಹ ದಾಟಿದ್ ಮ್ಯಾಲೆ ಸೂಜಿ ಏನ್ ಮಾಡೀತು, ಹಾಕ್ಕೊಳ್ಲಿ ಬುಡಿ" ಎಂದ.

ಹಾಳೆ ಹರಿಯಬಾರದೆಂದು ಅವರದೊಂದು ಹಳೆಯ ಪಂಚೆಗೆ ಅದನ್ನಿಟ್ಟು ಅಂಚಿನ ಸುತ್ತ ನಾನು ಹೊಲಿದು ಕೊಟ್ಟೆ. ಅಕ್ಷರಕ್ಕೆ ಸೂಜಿ ತಾಗದಂತೆ. ಮರುದಿನ ಬೆಳಿಗ್ಗೆ ಹೋದರು. ಸಂಜೆ ಹಿಂತಿರುಗಿ ಬಂದು ಪಂಚೆಯನ್ನು ಜಗಲಿಯ ಮೇಲೆ ಇಟ್ಟರು. ಹೇಳುವ ಮೊದಲೇ ತಿಳಿಯಿತು. ಅರ್ಧ ದನಗಳು ದಾಟುವ ಹೊತ್ತಿಗೆ ಸೋನೆ ಹಿಡಿದಿತ್ತಂತೆ. ಹಾಳೆ ಬಿಚ್ಚಿದ್ದರೆ ಉಳಿಯುತ್ತಿತ್ತು. ಆದರೆ ಹಗ್ಗ ಖಾಲಿಯಾದರೆ ಊರವರು ದನ ವಾಪಸು ಹೊಡೆದುಕೊಂಡು ಹೋಗುತ್ತಿದ್ದರು, ಡಾಕ್ಟರ ಪೆಟ್ಟಿಗೆ ಮುಚ್ಚುತ್ತಿತ್ತು. ಇವರು ಛತ್ರಿ ಹಿಡಿದು ನಿಂತರಂತೆ. ಗಾಳಿಗೆ ಎರಚಲು ಬಡಿಯಿತು. ಕಪ್ಪು ಕೆಳಗಿಳಿದು ದನಗಳ ಬೆನ್ನಿನ ಮೇಲೆ ತೊಟ್ಟಿಕ್ಕಿತಂತೆ. ಜನ ಅದನ್ನು ನೋಡಿ ಸಂತೋಷಪಟ್ಟರಂತೆ.

ನಾನು ಹೊಲಿಗೆ ಬಿಚ್ಚಿದೆ. ಕಾಗದ ಸಪಾಟಾಗಿ, ಹೆಂಗಸರು ಮಸಿ ಒರೆಸಿದ ಬಟ್ಟೆಯ ಹಾಗಾಗಿತ್ತು.

ಸಂದರ್ಶನಕ್ಕೆ ಕೈನಕಲು ತೆಗೆದುಕೊಂಡು ಹೋದರು. ಏನಾಯಿತೆಂದು ಹಿಂತಿರುಗಿ ಬಂದ ದಿನವೇ ಊಟಕ್ಕೆ ಕೂತು ನಗುತ್ತ ಹೇಳಿದರು. "ಕಲ್ಲು ಎಲ್ಲಿ ಎಂದು ಕೇಳಿದರು, ಒಡೆದುಹೋಗಿದೆ ಎಂದೆ. ಅಚ್ಚು ಎಲ್ಲಿ ಎಂದು ಕೇಳಿದರು, ಅದರ ಕೆಳಗೆ ದನ ದಾಟಿದವು ಎಂದೆ. ಅವರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು ಕಣೇ." ಇಷ್ಟು ಹೇಳಿ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು. ಕೆಲಸ ಬೇರೆಯವರಿಗೆ ಹೋಯಿತು. ಕೊಟ್ಟದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಜಗಲಿಯಲ್ಲಿ ಕೂರುವುದನ್ನು ಮಾತ್ರ ಬಿಟ್ಟರು. ಸ್ಕೂಲಿನಿಂದ ಬಂದು ಕತ್ತಲೆ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಮಲಗುತ್ತಿದ್ದರು.

ಅದಾದ ಮುಂದಿನ ವರ್ಷ ವಿಷಮಜ್ವರ ಬಂತು. ಜ್ವರದಲ್ಲಿ ಬೇರೆ ಯಾವುದೋ ಭಾಷೆ ಮಾತಾಡುತ್ತಿದ್ದರು. ಅತ್ತಿಗೆ ದೆವ್ವ ಹಿಡಿದಿದೆಯೆಂದು ಹೆದರಿ ಅವರ ಹಣೆಗೆ ದೇವರ ಕುಂಕುಮ ಇಟ್ಟರು. ಒಂದು ಮಾತು ಮಾತ್ರ ನನಗೆ ಗೊತ್ತಾಯಿತು. ನೀರು ಕೇಳುತ್ತಿದ್ದರು. ನಾನು ತಂದು ಕೊಟ್ಟೆ. ಆ ಭಾಷೆ ಕಲಿತದ್ದು ನನಗೆ ಉಪಯೋಗಕ್ಕೆ ಬಂದದ್ದು ಅಷ್ಟು.

ಅವರ ಕಾಗದಗಳು ಬೇಕೇ ಎಂದು ಅವರ ಸ್ನೇಹಿತರೊಬ್ಬರು ಅಲ್ಲಿ ಇಲ್ಲಿ ವಿಚಾರಿಸಿದರು. ಮುಖ್ಯವಾದ ಹಾಳೆಯೇ ಇಲ್ಲದ ಮೇಲೆ ಉಳಿದವನ್ನು ಯಾರೂ ಕೇಳಲಿಲ್ಲ. ಪೆಟ್ಟಿಗೆ ನನ್ನ ಜೊತೆಗೇ ಉಳಿಯಿತು.

ವರ್ಷದ ಕರ್ಮ ಮುಗಿದು ಕೆಲವು ವಾರ ಕಳೆದಿರಬೇಕು. ಹೊರಗೆ ಬರಬಹುದಾಗಿತ್ತು, ಆದರೂ ನಾನು ಕೋಣೆ ಬಿಟ್ಟಿರಲಿಲ್ಲ. ಹಿತ್ತಿಲ ಕಡೆಯಿಂದ ಯಾರೋ ಕೂಗಿದರು. ಅತ್ತಿಗೆ ಹೋಗಿ ಮಾತಾಡಿ ಬಂದು, "ಆ ದನದೋನು ಬಂದಿದಾನೆ. ಏನೂ ಇಲ್ಲ ಅಂತ ಹೇಳಿ ಕಳಿಸ್ತೀನಿ" ಎಂದರು. ನಾನೇ ಎದ್ದು ಹೋದೆ.

ಯಜಮಾನನಿಗೆ ಈಗ ಹಲ್ಲೇ ಇರಲಿಲ್ಲ. ನನ್ನ ಹಣೆ ನೋಡಿ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಮತ್ತೆ ಬಂದೈತೆ ಅಮ್ಮಾ. ಪಕ್ಕದ ಊರಾಗೆ ಬಿದ್ದೈತೆ. ನಾಳೀಕೆ ಡಾಕ್ಟ್ರು ಬತ್ತಾರೆ. ಹಾಳೆ ಕಟ್ಟದೆ ನಮ್ಮೋರು ದನ ಬುಡಲ್ಲ ಅಂತ ಕುಂತವ್ರೆ."

"ಆ ಹಾಳೆ ಅವತ್ತೇ ಹೋಯ್ತಲ್ಲಪ್ಪ."

"ಬೇರೆ ಯಾವ್ದಾನ ಇಲ್ವಾ? ಅಯ್ಯ ಬರ್ಕೊಂಡಿದ್ದು?"

"ಇರೋದು ಸಮುದ್ರದ ಆಚೆ ದೇಶದ್ದು. ನಿಮ್ಮೂರಿಗೂ ಅದಕ್ಕೂ ಸಂಬಂಧ ಇಲ್ಲ."

ಅವನು ಯೋಚಿಸಿದ. "ಅಲ್ಲೂ ದನ ಅವೆಯಾ?"

ಅವರು ಹೇಳಿದ್ದು ನೆನಪಾಯಿತು. ಭತ್ತದ ಗದ್ದೆ, ಕೆಸರಿನಲ್ಲಿ ಎಮ್ಮೆಗಳು, ಗುಡಿಯ ಮೆಟ್ಟಿಲ ಮೇಲೆ ಮಲಗಿದ ಹಸುಗಳು. "ಅವೆ" ಎಂದೆ.

"ಹಂಗಾದ್ರೆ ಆಯ್ತು, ಅದೇ ಕೊಡಿ."

ಒಳಗೆ ಹೋಗಿ ಪೆಟ್ಟಿಗೆ ತೆಗೆದೆ. ಕೊಂಡಿಯ ಅಕ್ಷರವಿದ್ದ ಜಾವಾದ ಹಾಳೆಯನ್ನೇ ಆರಿಸಿಕೊಂಡೆ. ಆ ಹಳ್ಳಿಗೆ ಹೋಗುವ ಹಕ್ಕು ಅದಕ್ಕೆ ಮಾತ್ರ ಇದೆ ಅನ್ನಿಸಿತು. ಅವರ ಇನ್ನೊಂದು ಪಂಚೆ ಕೆಳಗಿಟ್ಟು ಹೊಲಿದೆ. ಯಜಮಾನ ಹಿತ್ತಿಲಲ್ಲಿ ಕಾದಿದ್ದ. ಸುರುಳಿ ಸುತ್ತಿ ಕೊಡಲು ಹೋದರೆ ಕೈ ಚಾಚಲಿಲ್ಲ.

"ಅಯ್ಯ ಅವರೇ ಬಂದು ಕಟ್ಟಿದ್ರು. ನೀವೇ ಬರ್ಬೇಕು."

"ಅವಳು ಬರೋ ಹಂಗಿಲ್ಲ ಕಣಯ್ಯ, ಶುಭದ ಕೆಲಸಕ್ಕೆ" ಎಂದರು ಅತ್ತಿಗೆ ಬಾಗಿಲ ಸಂದಿಯಿಂದ.

"ಅವ್ರು ಬರ್ದೇ ಇದ್ರೆ ನಮ್ಗೆ ಯಾವ್ ಶುಭನೂ ಇಲ್ಲ ಅಮ್ಮಣ್ಣೀ. ದನಕ್ಕೆ ಅದೆಲ್ಲ ಗೊತ್ತಾಯ್ತದಾ?" ಎಂದ ಅವನು.

ಮರುದಿನ ಎತ್ತಿನ ಗಾಡಿ ಕಳಿಸಿದ. ಗಾಡಿಯಲ್ಲಿ ಹುಲ್ಲಿನ ಮೇಲೆ ಸುರುಳಿ ಮಡಿಲಲ್ಲಿಟ್ಟುಕೊಂಡು ಕೂತೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ದಾರಿಯ ಮೋಟು ಗೋಡೆಯೊಂದರ ಪಕ್ಕ ಒಂದು ವೀರಗಲ್ಲು ಇತ್ತು. ಅದಕ್ಕೆ ಅರಿಸಿನ ಹಚ್ಚಿ ಸುತ್ತ ಕಲ್ಲಿನ ಕಟ್ಟೆ ಕಟ್ಟಿದ್ದರು. "ಈಗ ಬರಹದ ಕಲ್ಲು ಮುಟ್ಟೋಕೆ ಯಾರೂ ಧೈರ್ಯ ಮಾಡಲ್ಲ" ಎಂದ ಗಾಡಿಯವನು. ನಮ್ಮವರು ಎಷ್ಟೋ ಊರಿನಲ್ಲಿ ಗಂಟಲು ಹರಿಯುವಂತೆ ಹೇಳಿದ್ದರೂ ಆಗದ ಕೆಲಸ ಅದು. ನೋಡಿದ್ದರೆ ನಗುತ್ತಿದ್ದರು. ಕಟ್ಟೆಯ ಕಲ್ಲಿಗೆ ಸೀಸದ ಚುಕ್ಕೆ ಇಟ್ಟಿಲ್ಲವಲ್ಲ ಎಂದೂ ಹೇಳುತ್ತಿದ್ದರು.

ಊರಬಾಗಿಲಿನಲ್ಲಿ ಎರಡು ಕಂಬಕ್ಕೆ ಹಗ್ಗ ಕಟ್ಟಿದ್ದರು. ಒಂದು ಕಲ್ಲು ಹತ್ತಿ ನಿಂತು ಪಂಚೆಯ ಎರಡು ತುದಿಯನ್ನೂ ನಾನೇ ಬಿಗಿದೆ. ವಿಧವೆ ಎಂದು ಯಾರೂ ತಡೆಯಲಿಲ್ಲ. ಆಚೆ ಕಡೆ ಡಾಕ್ಟರು ತೋಳು ಮಡಿಸಿಕೊಂಡು ನಿಂತಿದ್ದರು. ಮೊದಲು ಒಂದು ಮುದಿ ಹಸು ಬಂತು. ಹಾಳೆಯ ಕೆಳಗೆ ಬಂದು ತಲೆ ಎತ್ತಿ ಮೂಸಿತು. ಆಮೇಲೆ ಎತ್ತುಗಳು, ಕರುಗಳು, ಎಮ್ಮೆಗಳು. ಧೂಳು ಎದ್ದಿತು. ಆಕಾಶದಲ್ಲಿ ಮೋಡವಿರಲಿಲ್ಲ. ನಮ್ಮವರು ಮತ್ತೆ ಕಾಣಬೇಕೆಂದಿದ್ದ, ನನಗೆ ತೋರಿಸಬೇಕೆಂದಿದ್ದ ಆ ದೇಶದ ಅಕ್ಷರಗಳು ಗಾಳಿಗೆ ಆಡುತ್ತಿದ್ದವು. ಕೊನೆಯ ಕರು ದಾಟುವವರೆಗೆ ನಾನು ಕಂಬ ಹಿಡಿದು ನಿಂತೆ.

ಸಂಜೆ ಮನೆಗೆ ಬಂದಾಗ ಮುಂಬಾಗಿಲು ಹಾಕಿತ್ತು. ಹಿತ್ತಿಲಿಗೆ ಹೋದೆ. ಅತ್ತಿಗೆ ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ ಇಟ್ಟಿದ್ದರು. ಸುರುಳಿ ತೆಗೆದುಕೊಂಡು ಒಣ ಜಾಗದಲ್ಲಿ ಒರಗಿಸಿ ಇಟ್ಟರು. ಅವರ ತಮ್ಮನನ್ನು ನಿಲ್ಲಿಸಿದ ಚಪ್ಪಡಿ ಕಲ್ಲಿನ ಮೇಲೆ ನನ್ನನ್ನು ನಿಲ್ಲಿಸಿ ತಲೆಯ ಮೇಲೆ ನೀರು ಸುರಿದರು. ಒಂದು ಕೊಡ, ಇನ್ನೊಂದು ಕೊಡ. ಧೂಳು ಕರಗಿ ಕಾಲ ಬಳಿ ಕೆಂಪಗೆ ಹರಿಯಿತು. ಮೂಗಿಗೆ ದನದ ವಾಸನೆ ಇನ್ನೂ ಇತ್ತು.

ಸೀರೆ ಕೊಡುತ್ತ ಅತ್ತಿಗೆ ದನಿ ತಗ್ಗಿಸಿದರು.

"ತಾಯಲೂರ ಕೆರೇಲಿ ನೀರಿತ್ತೇನೇ?"

"ಇತ್ತು ಅತ್ತಿಗೆ. ಏರಿಯವರೆಗೂ ಇತ್ತು" ಎಂದೆ.